ಹಳೇ ತಾರಸಿಯ ಮೇಲೆ ಹೊಸ ಮೋಲ್ಡ್ ಹಾಕಿಸುವವರಿಗೆ

ಹಳೇ ಮನೆಯ ಮೇಲೆ ಮತ್ತೊಂದು ಮೋಲ್ಡ್ ಹಾಕಿಸಲು ಹೊರಟಿರುವ ಮಾಲೀಕರಿಗೆ ಮತ್ತು ಮೇಸ್ತ್ರಿಗಳಿಗೆ,



ನಮ್ಮ ತಂದೆ ಕಟ್ಟಿಸಿದ ಮನೆಯ ತಾರಸಿ ಸೋರುತ್ತಿತ್ತು. ಒಡೆದು ಕಟ್ಟಿಸಿದರೆ ಬಾಡಿಗೆ ಮನೆ ಹುಡುಕಬೇಕು. ಹಾಗಾಗಿ ಸುತ್ತ ಪಿಲ್ಲರ್ ಎಬ್ಬಿಸಿ, ಹಳೇ ತಾರಸಿಗಿಂತ ಒಂದೂವರೆ ಅಡಿ ಮೇಲೆ ಹೊಸ ಮೋಲ್ಡ್ ಹಾಕಿಸಿದೆವು. ಸೆಂಟ್ರಿಂಗ್ ಬಿಚ್ಚುವ ದಿನವೇ ಪ್ರಶ್ನೆ ಎದ್ದದ್ದು: ಎರಡರ ನಡುವಿನ ಆ ಸಂದಿಯೊಳಗೆ ಹೋಗುವವರು ಯಾರು?

ಕೆಲಸದವರಲ್ಲಿ ತೆಳ್ಳಗಿದ್ದ ಒಬ್ಬ ಹುಡುಗನನ್ನು ಕಳಿಸಿದರು. ಬಾಯಲ್ಲಿ ಟಾರ್ಚ್ ಕಚ್ಚಿಕೊಂಡು, ಹೊಟ್ಟೆಯ ಮೇಲೆ ತೆವಳುತ್ತಾ ಹೋದ. ಹಲಗೆ ಕಿತ್ತಾಗಲೆಲ್ಲ ಸಿಮೆಂಟ್ ಪುಡಿ ಅವನ ಕಣ್ಣಿಗೇ ಉದುರುತ್ತಿತ್ತು. ಹೊರಬಂದಾಗ ಎರಡೂ ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು. ನಡುವಿನ ಹಲಗೆಗಳು ಅವನ ಕೈಗೂ ಎಟುಕದೆ ಅಲ್ಲೇ ಉಳಿದವು. ಮುಂದಿನ ಮಳೆಗಾಲ ಮುಗಿಯುವಷ್ಟರಲ್ಲಿ ಗೆದ್ದಲು ಗೋಡೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಇಳಿದಿತ್ತು.

ಇನ್ನೊಂದು ಅಪಾಯ ಕಣ್ಣಿಗೆ ಕಾಣುವುದಿಲ್ಲ. ಐದು ಇಂಚು ದಪ್ಪದ ಮೋಲ್ಡ್ ಚದರ ಮೀಟರಿಗೆ ಸುಮಾರು 310 ಕಿಲೋ ತೂಗುತ್ತದೆ. ಪಿಲ್ಲರ್, ಬೀಮು ಎಷ್ಟೇ ಗಟ್ಟಿಯಿರಲಿ, ಕಾಂಕ್ರೀಟ್ ಬಲಿಯುವವರೆಗೆ ಆ ಭಾರವೆಲ್ಲ ಜಾಕಿಗಳ ಮೂಲಕ ಹಳೇ ತಾರಸಿಯ ಮೇಲೇ ಕೂರುತ್ತದೆ. ಜನ ಓಡಾಡುವ ತಾರಸಿಗೆ ಐಎಸ್ 875 ಮಾನಕ ಹಿಡಿಯುವ ಹೊರೆ ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಅಂದರೆ ಸೋರಿ ಸೊರಗಿದ ತಾರಸಿಯ ಮೇಲೆ ನಾವು ಎರಡು ಪಟ್ಟು ಭಾರ ಹೇರಿದ್ದೆವು. ಕೆಳಗೆ ಅಮ್ಮ ಅಡುಗೆ ಮಾಡುತ್ತಿದ್ದರು.

ದಯವಿಟ್ಟು ಮೊದಲು ಇಂಜಿನಿಯರ್‌ಗೆ ಹಳೇ ತಾರಸಿ ತೋರಿಸಿ. ಸೋರುವುದಷ್ಟೇ ತೊಂದರೆಯಾದರೆ ವಾಟರ್‌ಪ್ರೂಫಿಂಗ್‌ನಲ್ಲೇ ಮುಗಿಯಬಹುದು. ಮೋಲ್ಡ್ ಹಾಕಲೇಬೇಕಾದರೆ ಕೆಳಮನೆಯ ಒಳಗೂ ನೆಲದಿಂದ ಜಾಕಿ ಕೊಡಿಸಿ, ಆ ದಿನಗಳಲ್ಲಿ ಅಲ್ಲಿ ಯಾರೂ ಇರಬೇಡಿ. ಆಳು ಕೂತು ಕೆಲಸ ಮಾಡುವಷ್ಟು ಎತ್ತರ ಬಿಡಿ. ಅಷ್ಟು ಜಾಗ ಇಲ್ಲವೆಂದರೆ ಬಿಚ್ಚುವ ಅಗತ್ಯವೇ ಇಲ್ಲದ ಉಕ್ಕಿನ ಡೆಕ್ಕಿಂಗ್ ಶೀಟ್ ಹಾಕಿಸಿ. ಸಂದಿಗೆ ಗಾಳಿಕಿಂಡಿ ಇರಲಿ, ಕ್ಯೂರಿಂಗ್ ನೀರು ಹೊರಹೋಗಲು ದಾರಿಯಿರಲಿ. ಜಾಕಿ ತೆಗೆಯಲು ಅವಸರ ಬೇಡ. ಐಎಸ್ 456ರ ಪ್ರಕಾರ ನಾಲ್ಕೂವರೆ ಮೀಟರ್‌ವರೆಗಿನ ಅಂಕಣದ ಮೋಲ್ಡ್‌ಗೆ ಕನಿಷ್ಠ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14 ದಿನ ಬೇಕು.

ಮೇಸ್ತ್ರಿಗಳೇ, ಮಾಲೀಕರು ಕೇಳಲಿ ಬಿಡಲಿ, ಸೆಂಟ್ರಿಂಗ್ ಹೊಡೆಯುವ ಮೊದಲೇ ಅದನ್ನು ಬಿಚ್ಚುವ ಬಗೆ ಹೇಳಿ. ಮಾಲೀಕರೇ, "ತೆಳ್ಳಗಿರೋ ಹುಡುಗನ್ನ ಕಳಿಸೋಣ" ಎಂಬ ಉತ್ತರ ಬಂದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ನಾನು ಅಂದು ಕೇಳಲಿಲ್ಲ. ಆ ಹುಡುಗ ನಮ್ಮ ನಲ್ಲಿಯ ಕೆಳಗೆ ಮೊಣಕೈ ಹಿಡಿದು ನಿಂತದ್ದು ಇಂದಿಗೂ ಕಣ್ಣ ಮುಂದಿದೆ.

ಇಂತಿ,
ನಿಮ್ಮಂತೆಯೇ ಮನೆ ಕಟ್ಟಿಸಿದವನು