ತಲೆಬಾಗಿಲಿನ ಮುಕ್ಕಾಸು

ಬಾಗಲೂರಿನವನಾದ ಮೇಲೆ ಮಾತನ್ನು ಬಾಗಿಲಿನಿಂದಲೇ ಶುರು ಮಾಡುವುದು ಲೇಸು. ಹೊಸೂರಿನ ಪಕ್ಕದ ಬಾಗಲೂರಲ್ಲ, ಜಾಲ ಹೋಬಳಿಯ ನಮ್ಮ ಬಾಗಲೂರು. ಇಷ್ಟು ಬಿಡಿಸಿ ಹೇಳದಿದ್ದರೆ ಮದುವೆಗೆ ಹೊರಟ ನೆಂಟರು ತಮಿಳುನಾಡು ಸೇರಿಬಿಡುತ್ತಾರೆ. ಮೊನ್ನೆ ಹಳೇ ಮನೆಯ ತಲೆಬಾಗಿಲ ರಿಪೇರಿಗೆ ಬಂದ ಬಡಗಿ ಚಿಲಕದ ಬೋಲ್ಟು ಬಿಚ್ಚಿ, ಕಪ್ಪಿಟ್ಟ ಬಿಲ್ಲೆಯೊಂದನ್ನು ನನ್ನ ಅಂಗೈಗೆ ಹಾಕಿದ. "ಇದು ವಾಷರ್ ಅಲ್ಲ ಸಾರ್, ಏನೋ ಬರ್ದೈತೆ ನೋಡಿ."

ಹುಣಿಸೇಹಣ್ಣು ಹಾಕಿ ಉಜ್ಜಿದೆ. ಒಂದು ಕಿರೀಟ, 1944 ಎಂಬ ಇಸವಿ, ನಟ್ಟನಡುವೆ ದೊಡ್ಡ ತೂತು. ತೂತುಕಾಸು!

ಎರಡನೇ ಮಹಾಯುದ್ಧದಲ್ಲಿ ತಾಮ್ರವೆಲ್ಲ ಮದ್ದುಗುಂಡಿನ ಪಾಲಾಗುತ್ತಿದ್ದಾಗ, 1943ರಲ್ಲಿ ಸರ್ಕಾರ ಪೈಸೆಯ ಹೊಟ್ಟೆಗೇ ಕೈ ಹಾಕಿತು. ಹಿಂದಿನ ಪೈಸೆ ಐದು ಗ್ರಾಮಿನ ಹತ್ತಿರ ತೂಗುತ್ತಿತ್ತು, ಇದು ಎರಡೇ ಗ್ರಾಂ. ತೂತು ಕೊರೆದದ್ದೇ ಆರನೇ ಜಾರ್ಜ್ ದೊರೆಯ ಮುಖ ಕೂರಬೇಕಾದ ಜಾಗದಲ್ಲಿ. ಹಾಗಾಗಿ ದೊರೆ ಹೋಗಿ ಕಿರೀಟ ಉಳಿಯಿತು. 1947ರ ಹೊತ್ತಿಗೆ ಅದೂ ಹೊರಟಿತು, ಆ ಮಾತು ಬೇರೆ. ನಮ್ಮ ಜನಕ್ಕೆ ಮಾತ್ರ ತೂತೇ ಲಾಭ. ಮಕ್ಕಳ ಉಡಿದಾರಕ್ಕೆ ಪೋಣಿಸಿದರು, ಬೋಲ್ಟಿಗೆ ತೊಡಿಸಿದರು.

ಲೆಕ್ಕದಲ್ಲಿ ಇದು ಮುಕ್ಕಾಸು, ಅಂದರೆ ಮೂರು ಕಾಸು. ಹನ್ನೆರಡು ಕಾಸಿಗೆ ಒಂದಾಣೆ, ಹದಿನಾರಾಣೆಗೆ ರೂಪಾಯಿ. ನಾಲ್ಕು ಕಾಸಿಗೆ ಒಂದು ದುಡ್ಡು. ಇವತ್ತು ಕೋಟಿಗಟ್ಟಲೆ ಇರುವವನನ್ನು 'ದುಡ್ಡಿನ ಮನುಷ್ಯ' ಎನ್ನುವಾಗ ನಾವು ಅವನಿಗೆ ಕಟ್ಟುವ ಬೆಲೆ ಆಣೆಯಲ್ಲಿ ಮೂರನೇ ಒಂದು ಪಾಲು!

ಚಿಲ್ಲರೆಗೆ ಇದಕ್ಕಿಂತ ದೊಡ್ಡ ಹೆಸರಿಟ್ಟವನು ನಮ್ಮ ನೆರೆಯ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು. ಆನೆಯ ಗುರುತಿನ ತನ್ನ ತಾಮ್ರದ ಪೈಸೆಯನ್ನು ಅವನು ಜೊಹ್ರಾ, ಅಂದರೆ ಶುಕ್ರ, ಎಂದು ಕರೆದ. ಅರ್ಧ ಪೈಸೆ ಬಹ್ರಾಮ್, ಅದು ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಎಂಟರಲ್ಲೊಂದು ಪಾಲು ಕುತುಬ್, ಧ್ರುವ. ಸೊಪ್ಪಿನವಳಿಗೆ ಶುಕ್ರ ಕೊಟ್ಟು ಧ್ರುವ ಚಿಲ್ಲರೆ ಕೇಳುವ ಭಾಗ್ಯ! ಈಗ ಅದೇ ದೇವನಹಳ್ಳಿಯಿಂದ ನಮ್ಮ ತಲೆಯ ಮೇಲೆ ಆಕಾಶಕ್ಕೆ ಹೋಗಿಬರುವವರ ಬಳಿ ಚಿಲ್ಲರೆಯೇ ಇರುವುದಿಲ್ಲ.

ಇದನ್ನೆಲ್ಲ ಕೇಳಿದ್ದರೆ ಅಜ್ಜಿ "ಸಾಕು ಬಿಡಪ್ಪ" ಎನ್ನುತ್ತಿದ್ದಳು. ಅವಳ ಜಗಳವಿದ್ದದ್ದು ನಯಾ ಪೈಸೆಯ ಮೇಲೆ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆಯಾಯಿತು. ಆಣೆಗೆ ಬರಬೇಕಾದದ್ದು ಆರೂಕಾಲು, ಆದರೆ ಕಾಲು ಪೈಸೆಯ ನಾಣ್ಯ ಎಲ್ಲಿಂದ ತರುವುದು? ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು, ನಾಲ್ಕಾಣೆಗೆ ಇಪ್ಪತ್ತೈದು ಎಂದು ಸರ್ಕಾರ ಪಟ್ಟಿ ಮಾಡಿತು. ಅಜ್ಜಿ ಒಂದೇ ದಿನದಲ್ಲಿ ಅದರ ತೂತು ಹುಡುಕಿದಳು. ಮೂರಾಣೆಯ ಸಾಮಾನು ಒಟ್ಟಿಗೆ ತಂದರೆ ಹತ್ತೊಂಬತ್ತು ಪೈಸೆ, ಒಂದೊಂದಾಣೆಯದು ಮೂರು ಸಲ ತಂದರೆ ಹದಿನೆಂಟೇ! ಅಂದಿನಿಂದ ಅಪ್ಪ ದಿನಕ್ಕೆ ಮೂರು ಸಲ ಅಂಗಡಿಗೆ ಓಡಿದರು. ಅವರ ಚಪ್ಪಲಿ ಸವೆದದ್ದು ಅಜ್ಜಿಯ ಲೆಕ್ಕಕ್ಕೆ ಬರಲಿಲ್ಲ. 1964ರಲ್ಲಿ ಪೈಸೆಗೆ ಅಂಟಿದ್ದ 'ನಯಾ' ಉದುರಿತು, 2011ರಲ್ಲಿ ನಾಲ್ಕಾಣೆಯೇ ಚಲಾವಣೆಯಿಂದ ಹೋಯಿತು. ಅಜ್ಜಿಯ ಮಾತಿನಲ್ಲಿ ಮಾತ್ರ ನಿಜ ಎಂಬುದು ಕೊನೆಯವರೆಗೂ ಹದಿನಾರಾಣೆಯದೇ.

ಅಷ್ಟರಲ್ಲಿ ಬಡಗಿ ಕೇಳಿದ, "ಹೊಸ ವಾಷರ್ ತರ್ಲಾ ಸಾರ್? ಎರಡು ರೂಪಾಯಿ."

ಎರಡು ರೂಪಾಯಿ. ನೂರಿಪ್ಪತ್ತೆಂಟು ಮುಕ್ಕಾಸು! ಬೆರಳು ಮಡಿಸಿ ಎಣಿಸುತ್ತಿದ್ದ ನನ್ನನ್ನು ಅವನು ವಿಚಿತ್ರವಾಗಿ ನೋಡಿದ. ಬಿಲ್ಲೆ ಅವನ ಕೈಗೇ ಕೊಟ್ಟೆ.

"ಬೇಡಪ್ಪ, ಇದನ್ನೇ ಹಾಕು."