ಬಿಡುವಿದ್ದವರೇ ಬಲ್ಲವರು

ಕಾಮರ್ಸ್ ವಿಭಾಗದವರಿಗೆ ಸ್ಟಾಫ್ ರೂಮಿನಲ್ಲಿ ಸ್ವಂತ ಮೇಜಿರುತ್ತದೆ, ಬೀಗ ಬೀಳುವ ಡ್ರಾಯರಿರುತ್ತದೆ, ಎದುರು ಗೋಡೆಯಲ್ಲಿ ತಿರುಪತಿ ತಿಮ್ಮಪ್ಪನ ಕ್ಯಾಲೆಂಡರೂ ಇರುತ್ತದೆ. ಸಂವಿಧಾನ, ಪರಿಸರ, ವೆಲ್‌ನೆಸ್, ಕಮ್ಯುನಿಕೇಷನ್ ಅಂತ ಎಲ್ಲರೂ ಓದಲೇಬೇಕಾದ, ಯಾರೂ ಓದದ ವಿಷಯಗಳಿಗೆ ಬರುವ ಪಾರ್ಟ್‌ಟೈಮ್ ಮೇಷ್ಟ್ರಿಗೆ ಇದೊಂದೂ ಇಲ್ಲ. ಮೂಲೆಯಲ್ಲಿ ನೀರಿನ ಫಿಲ್ಟರ್ ಪಕ್ಕ ಒಂದು ಉದ್ದನೆಯ ಮೇಜಿದೆ. ಮೊದಲು ಬಂದವರ ಹೆಲ್ಮೆಟ್ಟಿಗೆ ಅಲ್ಲಿ ಜಾಗ. ಅವರ ಹೆಗಲಿನ ಬ್ಯಾಗು ಹಿಂದಿನ ಆಫೀಸಿನದು, ಕೈಯಲ್ಲಿರುವ ಡೈರಿ ಅದಕ್ಕೂ ಹಿಂದಿನದು. ಕಾರ್ಡ್ ಕೇಳಿದರೆ ಹಳೆಯ ಹುದ್ದೆಯ ಹಿಂದೆ ಬಾಲ್‌ಪೆನ್ನಿನಲ್ಲಿ ‘ನಿವೃತ್ತ’ ಎಂದು ಸೇರಿಸಿ ಕೊಡುತ್ತಾರೆ. ಕ್ಲಾಸಿನಲ್ಲಿ ಅವರ ಮೊದಲ ವಾಕ್ಯ ಯಾವಾಗಲೂ ಒಂದೇ: ‘ನೋಡಿ, ನಾನು ಆ್ಯಕ್ಚುಯಲಿ ಮೇಷ್ಟ್ರಲ್ಲ.’ ಹಾಗಾದರೆ ಆ್ಯಕ್ಚುಯಲಿ ಏನು ಎಂಬುದನ್ನು ಎರಡನೇ ವಾಕ್ಯದಿಂದ ಹಿಡಿದು ಸೆಮಿಸ್ಟರ್ ಮುಗಿಯುವವರೆಗೆ ವಿವರಿಸುತ್ತಾರೆ.

ಬೆಂಗಳೂರಿನ ಖಾಸಗಿ ಕಾಲೇಜುಗಳಲ್ಲಿ ಈ ಸಂತತಿ ಹಿಂದೆಯೂ ಇತ್ತು. 2021ರಲ್ಲಿ ರಾಜ್ಯ ಸರ್ಕಾರ ಹೊಸ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿಗೆ ತಂದಮೇಲೆ ಒಮ್ಮೆಗೇ ಹೆಚ್ಚಿತು. ಆ ನೀತಿಯ ಕಡತದಲ್ಲಿ ಬಾಣಭಟ್ಟನ ಕಾದಂಬರಿಯ ಪ್ರಸ್ತಾಪವಿದೆ, ಅರವತ್ನಾಲ್ಕು ಕಲೆ ಬಲ್ಲವನೇ ವಿದ್ಯಾವಂತ ಎಂಬ ಅರ್ಥದಲ್ಲಿ. ಸಂಗೀತದಿಂದ ಬಡಗಿ ಕೆಲಸದವರೆಗೆ ಎಲ್ಲವೂ ಆ ಪಟ್ಟಿಯಲ್ಲಿ ಬರುತ್ತದೆ. ಕೇಳುವುದಕ್ಕೆ ಚೆಂದ. ಆದರೆ ಬಾಣಭಟ್ಟ ಟೈಮ್‌ಟೇಬಲ್ ಹಾಕಿದವನಲ್ಲ. ನಮ್ಮ ಕಾಲೇಜಿನಲ್ಲಿ ಅದನ್ನು ಹಾಕುವವನು ನಾನು. ಮೂಲತಃ ಕನ್ನಡ ಮೇಷ್ಟ್ರು. ಹಳಗನ್ನಡದ ಪದ್ಯ ಬಿಡಿಸಬಲ್ಲವನು ಇದನ್ನೂ ಬಿಡಿಸಲಿ ಎಂದು ಪ್ರಿನ್ಸಿಪಾಲರು ವಹಿಸಿದ್ದಾರೆ. ಬಿ.ಕಾಂ. ಹುಡುಗನಿಗೆ ಇನ್ನೊಂದು ವಿಭಾಗದ ಓಪನ್ ಎಲೆಕ್ಟಿವ್ ಬೇಕು, ಡಿಜಿಟಲ್ ಫ್ಲುಯೆನ್ಸಿ ಬೇಕು, ಪರಿಸರ ಬೇಕು, ಸಂವಿಧಾನ ಬೇಕು ಎಂದು ಸುತ್ತೋಲೆ ಬಂತು. ಮೇಷ್ಟ್ರು ಬರಲಿಲ್ಲ. ಸರ್ಕಾರ ಬದಲಾದ ಫಲವಾಗಿ 2024ರಲ್ಲಿ ನಾಲ್ಕು ವರ್ಷದ ಪದವಿ ಹೋಗಿ ಮತ್ತೆ ಮೂರು ವರ್ಷದ್ದಾಯಿತು, ವಿಷಯಗಳ ಹೆಸರೂ ಅದಲುಬದಲಾದವು. ಉದ್ದನೆಯ ಮೇಜಿನಿಂದ ಮಾತ್ರ ಯಾರೂ ಏಳಲಿಲ್ಲ.

ಯಾವ ವಿಷಯ ಯಾರಿಗೆ ಎಂಬುದಕ್ಕೆ ಒಂದೇ ನಿಯಮ: ಆ ಹೊತ್ತಿಗೆ ಯಾರಿಗೆ ಬಿಡುವಿದೆಯೋ ಅವರು ಆ ವಿಷಯದ ತಜ್ಞರು. ಹಾಗಾಗಿ ನಮ್ಮಲ್ಲಿ ಸಂವಿಧಾನ ಹೇಳುವವರು ಬ್ಯಾಂಕಿನವರು, ಪರಿಸರ ಹೇಳುವವರು ವಕೀಲರು. ಅದಲುಬದಲು ಮಾಡಬಹುದಿತ್ತಲ್ಲ ಎಂದು ಕೇಳಬೇಡಿ. ಸಂವಿಧಾನ ಬಿದ್ದಿರುವುದು ಹನ್ನೊಂದೂವರೆಗೆ. ವಕೀಲರು ಹನ್ನೊಂದಕ್ಕೆಲ್ಲ ಸಿವಿಲ್ ಕೋರ್ಟಿನಲ್ಲಿರಬೇಕು.

ಬ್ಯಾಂಕಿನವರನ್ನು ವಿವರವಾಗಿಯೇ ಪರಿಚಯಿಸಬೇಕು. ಸಿಂಡಿಕೇಟ್ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಸೇರಿ, ಊರೂರು ತಿರುಗಿ, ಸೀನಿಯರ್ ಮ್ಯಾನೇಜರಾಗಿ 2018ರಲ್ಲಿ ನಿವೃತ್ತರಾದವರು. ಎರಡು ವರ್ಷ ಕಳೆಯುವಷ್ಟರಲ್ಲಿ ಬ್ಯಾಂಕೇ ಇಲ್ಲ. 2020ರ ಏಪ್ರಿಲ್ ಒಂದಕ್ಕೆ ಅದು ಕೆನರಾದೊಳಗೆ ಕರಗಿಹೋಯಿತು. ಮನುಷ್ಯ ಬ್ಯಾಂಕಿನಿಂದ ನಿವೃತ್ತನಾಗುವುದು ಲೋಕರೂಢಿ, ಬ್ಯಾಂಕೇ ಮನುಷ್ಯನ ಹಿಂದೆಯೇ ನಿವೃತ್ತವಾದರೆ ಹೇಗೆ ಎಂಬುದು ಅವರ ಪ್ರಶ್ನೆ. ಆ ದುಃಖವನ್ನು ಅವರು ಸಂವಿಧಾನದ ತರಗತಿಯಲ್ಲಿ ತೀರಿಸಿಕೊಳ್ಳುತ್ತಾರೆ. ಸಂವಿಧಾನ ಜಾರಿಗೆ ಬಂದದ್ದು 1950ರ ಜನವರಿ 26ಕ್ಕೆ ಎಂದು ಪಠ್ಯದಲ್ಲಿದೆ. ಅವರ ಲೆಕ್ಕದಲ್ಲಿ ಅದಕ್ಕೆ ಜೀವ ಬಂದದ್ದು 1969ರ ಜುಲೈ 19ರ ಶನಿವಾರ. ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣದ ಸುಗ್ರೀವಾಜ್ಞೆಗೆ ಹಂಗಾಮಿ ರಾಷ್ಟ್ರಪತಿ ವಿ. ವಿ. ಗಿರಿ ರುಜು ಹಾಕಿದ ದಿನ ಅದು. ಆಗ ನಮ್ಮವರಿಗೆ ಹನ್ನೊಂದು ವರ್ಷ. ಆದರೆ ಪಾಠ ಕೇಳಿದವರಿಗೆ, ಗಿರಿಯವರಿಗೆ ಪೆನ್ನು ಬಿಚ್ಚಿ ಕೊಟ್ಟವರೇ ಇವರೇನೋ ಅನ್ನಿಸುತ್ತದೆ. ಮುಂದಿನ ವರ್ಷ ಫೆಬ್ರವರಿಯಲ್ಲಿ ಕೂಪರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಕಾಯ್ದೆಯನ್ನು ಹತ್ತು–ಒಂದರಿಂದ ಹೊಡೆದುಹಾಕಿದ್ದನ್ನು ಹೇಳುವಾಗ ಅವರ ದನಿ ತಗ್ಗುತ್ತದೆ. ನಾಲ್ಕೇ ದಿನದಲ್ಲಿ ಹೊಸ ಸುಗ್ರೀವಾಜ್ಞೆ ಬಂದದ್ದನ್ನು ಹೇಳುವಾಗ ಡಸ್ಟರ್ ಮೇಜಿಗೆ ಬಡಿಯುತ್ತದೆ.

ಮಿಕ್ಕ ಸಂವಿಧಾನವನ್ನೂ ಅವರು ಬಿಡುವುದಿಲ್ಲ, ಆದರೆ ಎಲ್ಲವೂ ಕೌಂಟರಿನ ಮೂಲಕವೇ ಹಾದು ಬರಬೇಕು. ಮೂಲಭೂತ ಹಕ್ಕು ಎಂದರೆ ಸಾಲ, ಮೂಲಭೂತ ಕರ್ತವ್ಯ ಎಂದರೆ ಕಂತು. ‘ಕಂತು ಕಟ್ಟದೇ ಸಾಲ ಮಾತ್ರ ಕೇಳ್ತೀರಿ. ಏನಮ್ಮ, ನಿನ್ನ ಅಟೆಂಡೆನ್ಸ್ ಎಷ್ಟು?’ ಎಪ್ಪತ್ತೈದಕ್ಕಿಂತ ಕಡಿಮೆ ಹಾಜರಿಯವರ ಪಟ್ಟಿಗೆ ಅವರಿಟ್ಟ ಹೆಸರು ಎನ್‌ಪಿಎ. ಮಣಿಪಾಲದವರು 1928ರಲ್ಲಿ ಶುರುಮಾಡಿದ ಪಿಗ್ಮಿಯಲ್ಲಿ ಏಜೆಂಟು ದಿನಾ ಮನೆ ಬಾಗಿಲಿಗೆ ಹೋಗಿ ಎರಡಾಣೆ ತರುತ್ತಿದ್ದನಂತೆ. ಹಾಜರಿಯನ್ನೂ ಹಾಗೇ ಕ್ಯಾಂಟೀನಿಗೇ ಹೋಗಿ ವಸೂಲು ಮಾಡಬೇಕು ಎಂದು ಅವರು ಪ್ರಿನ್ಸಿಪಾಲರಿಗೆ ಲಿಖಿತ ಸಲಹೆ ಕೊಟ್ಟಿದ್ದಾರೆ. ಆದರೂ ಒಂದು ಮಾತು ಒಪ್ಪಲೇಬೇಕು. ಬಜೆಟ್ ಅಧಿವೇಶನ, ಸಂಚಿತ ನಿಧಿ, ಸಿಎಜಿ ವರದಿ ಇವನ್ನು ಅವರಷ್ಟು ಚೆನ್ನಾಗಿ ರಾಜ್ಯಶಾಸ್ತ್ರದ ಎಂ.ಎ. ಮಾಡಿದವರೂ ಹೇಳಿದ್ದನ್ನು ನಾನು ಕೇಳಿಲ್ಲ. ಆಡಿಟ್ ಎಂದರೆ ಏನೆಂಬುದು ಅದಕ್ಕೆ ಬೆವರಿದವರಿಗೇ ಗೊತ್ತು.

ವಕೀಲರದ್ದು ಬೆಳಗಿನ ಎಂಟೂವರೆಯ ಕ್ಲಾಸು. ಬಿಳಿ ಷರಟು, ಕಪ್ಪು ಪ್ಯಾಂಟು, ಬ್ಯಾಂಡು ಜೇಬಿನಲ್ಲಿ. ಅವರಿಗೆ ಪರಿಸರವೆಂದರೆ ಕಾಡಲ್ಲ, ಕೆರೆಯಲ್ಲ, ಎಂ. ಸಿ. ಮೆಹ್ತಾ ಹೂಡಿದ ಅರ್ಜಿಗಳು. ‘1991ರಲ್ಲಿ ಮೆಹ್ತಾ ರಿಟ್ ಹಾಕಿದ್ದಕ್ಕೆ ಸುಪ್ರೀಂ ಕೋರ್ಟು ಪರಿಸರ ಪಾಠ ಕಡ್ಡಾಯ ಅಂತು. ಯುಜಿಸಿ ಆಮೇಲೆ ಡಿಗ್ರಿಯವರಿಗೆಲ್ಲ ಆರು ತಿಂಗಳ ಕೋರ್ಸ್ ಮಾಡ್ತು. ನೀವು ಇಲ್ಲಿ ಕೂತಿರೋದೂ ಕೋರ್ಟ್ ಆದೇಶ, ನಾನು ನಿಂತಿರೋದೂ ಕೋರ್ಟ್ ಆದೇಶ. ಎದ್ದು ಹೋದರೆ ಕಂಟೆಂಪ್ಟು’ ಎಂಬುದು ಅವರ ಮೊದಲ ಪಾಠ. ಅವರು ಪಾಠ ಮುಗಿಸಿದ್ದನ್ನು ಯಾರೂ ಕಂಡಿಲ್ಲ. ಮುಂದಿನ ವಾಯಿದೆಗೆ ಹಾಕಿ ಹೊರಡುತ್ತಾರೆ. ಹುಡುಗ ತಡವಾಗಿ ಬಂದರೆ ಬೈಯುವುದಿಲ್ಲ, ಪಾಟಿ ಸವಾಲು ಮಾಡುತ್ತಾರೆ. ‘ಬಸ್ಸು ಲೇಟಾಯ್ತು ಅಂತೀರಿ. ಆ ಬಸ್ಸಿನ ಟಿಕೆಟ್ ಹಾಜರುಪಡಿಸ್ತೀರಾ?’ ಹುಡುಗಿಯರಿಗೆ ಟಿಕೆಟ್ ಉಚಿತವಾದರೂ ಶಕ್ತಿ ಯೋಜನೆಯ ಶೂನ್ಯ ಟಿಕೆಟ್ಟಿದೆ, ತೋರಿಸಿ ಪಾರಾಗುತ್ತಾರೆ. ಮಾಸಿಕ ಪಾಸಿನ ಹುಡುಗರು ಸಿಕ್ಕಿಬೀಳುತ್ತಾರೆ.

ಸಾಫ್ಟ್‌ವೇರಿನವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ಒಬ್ಬರಿರುತ್ತಾರೆ. ನಲವತ್ತೈದಕ್ಕೆ ಕೆಲಸ ಬಿಟ್ಟು, ಕನಕಪುರದ ಕಡೆ ಒಂದೆಕರೆ ಮಾವು ಹಾಕಿ, ಬೆನ್ನು ನೋವು ಉಳಿಸಿಕೊಂಡು, ಈಗ ವೆಲ್‌ನೆಸ್ ಪಾಠ ಮಾಡುತ್ತಾರೆ. ಮೊದಲ ವಾರ ಅವರು ಇಡೀ ಕ್ಲಾಸಿಗೆ ‘ಸ್ಟ್ಯಾಂಡ್ ಅಪ್ ಮೀಟಿಂಗ್’ ಮಾಡಿಸಿದರು. ಕಿಟಕಿಯಿಂದ ನೋಡಿದ ನಮ್ಮ ಅಟೆಂಡರ್ ಓಡಿಬಂದು, ‘ಸಾರ್, ಹೊಸ ಮೇಷ್ಟ್ರು ಅರವತ್ತು ಮಕ್ಳನ್ನೂ ನಿಲ್ಸವ್ರೆ, ಪೇರೆಂಟ್ಸು ಬಂದ್ರೆ ಕಷ್ಟ’ ಎಂದ.

ಕಮ್ಯುನಿಕೇಷನ್ ಹೇಳುವ ಮೇಡಂ ಹೆಗ್ಗೋಡಿನ ನೀನಾಸಂನಲ್ಲಿ ಕಲಿತು, ತಿರುಗಾಟದಲ್ಲಿ ಊರೂರು ನಾಟಕ ಆಡಿದವರು. ಆ ಕೀರ್ತಿ ಹುಡುಗರಿಗೆ ತಿಳಿಯದು. ಅವರ ಪಾಲಿಗೆ ಇವರು ಸಂಜೆ ಏಳೂವರೆಯ ಸೀರಿಯಲ್ಲಿನ ಅತ್ತೆ. ಕಾರಿಡಾರಿನಲ್ಲಿ ಅವರ ಚಪ್ಪಲಿ ಸದ್ದು ಕೇಳಿದರೆ ಹಿಂದಿನ ಬೆಂಚೂ ಎದ್ದು ನಿಲ್ಲುತ್ತದೆ. ಪಿಎಚ್.ಡಿ. ಪಡೆದ ನಮಗೆ ಆ ಯೋಗವಿಲ್ಲ.

ಇದೇ ಮೇಜಿನ ತುದಿಯಲ್ಲಿ ಇನ್ನೂ ಇಬ್ಬರು ಮೂವರು ಕೂರುತ್ತಾರೆ. ಅವರು ಹವ್ಯಾಸಕ್ಕೆ ಬಂದವರಲ್ಲ. ನೆಟ್ ಪಾಸಾಗಿ, ಥೀಸಿಸ್ ಬರೆದು, ಬೆಳಿಗ್ಗೆ ಇಲ್ಲಿ ಮಧ್ಯಾಹ್ನ ಇನ್ನೊಂದು ಕಾಲೇಜಿನಲ್ಲಿ ಅವರ್ ಲೆಕ್ಕದಲ್ಲಿ ದುಡಿಯುವವರು. ರಜೆ ಬಂತೆಂದರೆ ಸಂಬಳವೂ ರಜೆ. 2019ರಲ್ಲಿ ಯುಜಿಸಿ ಅತಿಥಿ ಉಪನ್ಯಾಸಕರಿಗೆ ಉಪನ್ಯಾಸಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50,000 ಎಂದು ಹೇಳಿತು. ಅದನ್ನು ಓದಿ ಅವರಲ್ಲೊಬ್ಬರು ಪೇಪರನ್ನು ಮಡಿಸಿ ವಾಪಸ್ ಕೊಟ್ಟರು, ಏನೂ ಅನ್ನಲಿಲ್ಲ. ಬ್ಯಾಂಕಿನವರಿಗೆ ಪಿಂಚಣಿ ಬರುತ್ತದೆ, ಸಾಫ್ಟ್‌ವೇರಿನವರಿಗೆ ಷೇರು ಇದೆ. ಇವರನ್ನು ನಗೆಗೆ ಎಳೆಯುವುದು ನನ್ನಿಂದಾಗದು.

ಹಾಗೆಂದು ಹೊರಗಿನಿಂದ ಬಂದವರನ್ನು ಹಳಿಯಲೂ ಮನಸ್ಸಾಗುವುದಿಲ್ಲ. ಕನ್ನಡದಲ್ಲಿ ನಾನು ಪಾಠ ಹೇಳುವ ಅರ್ಧದಷ್ಟು ಜನ ನಮ್ಮ ಕಾಲೇಜಿಗೆ ಅರ್ಜಿ ಹಾಕಿದ್ದರೆ ಆಫೀಸಿನಲ್ಲೇ ತಿರಸ್ಕೃತರಾಗುತ್ತಿದ್ದರು. ಕೈಲಾಸಂ: ಓದಿದ್ದು ಭೂಗರ್ಭಶಾಸ್ತ್ರ, ಬರೆದದ್ದು ನಾಟಕ; ಸಬ್ಜೆಕ್ಟ್ ತಾಳೆಯಾಗುವುದಿಲ್ಲ. ರಾಶಿ: ಡಾಕ್ಟರು, ಆದರೆ ಪಿಎಚ್.ಡಿ.ಯ ಡಾಕ್ಟರಲ್ಲ. ಕಾರಂತರು ಗಾಂಧಿ ಕರೆಗೆ ಕಾಲೇಜು ಬಿಟ್ಟವರು. ವಿಜ್ಞಾನದ ಸಂಪುಟಗಳನ್ನು ಬರೆದು, ಯಕ್ಷಗಾನ ಕುಣಿಸಿ, 1977ರ ಜ್ಞಾನಪೀಠವನ್ನೂ ತಂದರೆ ಏನಂತೆ, ಅಂಕಪಟ್ಟಿ ಎಲ್ಲಿ? ಪದವಿಯಿಲ್ಲದ ಡಿವಿಜಿ ಬಸವನಗುಡಿಯಲ್ಲಿ 1945ರಿಂದ ಗೋಖಲೆ ಸಂಸ್ಥೆಯನ್ನು ಕಟ್ಟಿ, ರಾಜ್ಯಶಾಸ್ತ್ರದಿಂದ ಕಾವ್ಯದವರೆಗೆ ಚರ್ಚೆ ನಡೆಸಿದರು. ಇವತ್ತು ಬಂದರೆ ನಮ್ಮ ಉದ್ದನೆಯ ಮೇಜೇ ಗತಿ. 2022ರಲ್ಲಿ ಯುಜಿಸಿಗೆ ಇದು ಹೊಳೆಯಿತೇನೋ, ಕ್ಷೇತ್ರದಲ್ಲಿ ಹದಿನೈದು ವರ್ಷ ಪಳಗಿದವರನ್ನು ಪದವಿ ಕೇಳದೆ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ಆಗಿ ಕರೆದುಕೊಳ್ಳಬಹುದು ಎಂದಿತು. ಬ್ಯಾಂಕಿನವರು ಆ ಸುತ್ತೋಲೆಯ ಝೆರಾಕ್ಸ್ ಮಾಡಿಸಿ ಬ್ಯಾಗಿನಲ್ಲಿಟ್ಟುಕೊಂಡಿದ್ದಾರೆ. ಪ್ರಿನ್ಸಿಪಾಲರು ಕಂಡಾಗಲೆಲ್ಲ ಬ್ಯಾಗಿನ ಜಿಪ್ಪಿಗೆ ಕೈ ಹೋಗುತ್ತದೆ.

ಕಳೆದ ಸೆಮಿಸ್ಟರಿನ ನಡುವೆ ನ್ಯೂಜೆರ್ಸಿಯಲ್ಲಿ ಬ್ಯಾಂಕಿನವರ ಮಗಳ ಹೆರಿಗೆ. ಬಾಣಂತನಕ್ಕೆ ಹೆಂಡತಿ, ಹೆಂಡತಿಯ ಸೂಟ್‌ಕೇಸಿಗೆ ಇವರು. ಸಂವಿಧಾನ ಅನಾಥವಾಯಿತು. ಹನ್ನೊಂದೂವರೆಗೆ ಬಿಡುವಿದ್ದದ್ದು ಅತ್ತೆ ಮೇಡಂಗೆ. ಅವರಿಗೆ ಬಿದ್ದ ಪಾಠ ಕೇಶವಾನಂದ ಭಾರತಿ ಪ್ರಕರಣ: 1973, ಹದಿಮೂರು ನ್ಯಾಯಮೂರ್ತಿಗಳು, ಏಳು–ಆರರ ತೀರ್ಪು, ಸಂಸತ್ತು ಏನನ್ನು ತಿದ್ದಿದರೂ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು, ಯಕ್ಷಗಾನದ ಹುಚ್ಚಿದ್ದವರು, ಸ್ವತಃ ಭಾಗವತಿಕೆ ಮಾಡುತ್ತಿದ್ದವರು ಎಂದು ಮೇಡಂಗೆ ಗೊತ್ತಾದದ್ದೇ ತಡ, ಪಠ್ಯಪುಸ್ತಕ ಮುಚ್ಚಿತು. ಮೊಕದ್ದಮೆಯನ್ನು ತಾಳಮದ್ದಳೆ ಮಾಡಿದರು. ಹದಿಮೂರು ಮಕ್ಕಳು ಸಾಲಾಗಿ ಕೂತು ಅರ್ಥ ಹೇಳಿದರು. ಚೆಂಡೆಯ ಬದಲು ಬೆಂಚು. ಕೋರ್ಟಿನಲ್ಲಿ ವಿಚಾರಣೆ ಅರವತ್ತೆಂಟು ದಿನ ನಡೆದಿತ್ತು. ಪಕ್ಕದ ಕಾಸ್ಟ್ ಅಕೌಂಟಿಂಗ್ ಕ್ಲಾಸಿನವರು ಎರಡನೇ ದಿನವೇ ತಕರಾರು ತೆಗೆದರು.

ಇಂಟರ್ನಲ್ ಟೆಸ್ಟ್ ಮುಗಿಯುವ ಹೊತ್ತಿಗೆ ಮೇಡಂಗೆ ಶೂಟಿಂಗ್ ಬಂತು. ಪತ್ರಿಕೆಗಳು ವಕೀಲರ ಕೈಗೆ ಹೋದವು. ಕೊನೆಗೂ ಸಂವಿಧಾನ ಬಲ್ಲವರೊಬ್ಬರ ಕೈಗೆ ಸೇರಿತಲ್ಲ ಎಂದು ನಾನು ನಿಟ್ಟುಸಿರು ಬಿಟ್ಟೆ. ‘ಮೂಲ ಸ್ವರೂಪ ಎಂದರೇನು?’ ಎಂಬ ಹತ್ತು ಅಂಕದ ಪ್ರಶ್ನೆಗೆ ಒಬ್ಬ ಹುಡುಗ ಹೀಗೆ ಬರೆದಿದ್ದ: ಸಂವಿಧಾನವನ್ನು ಜನ ಸಂಸತ್ತಿನ ಹತ್ತಿರ ಅಡವಿಟ್ಟಿಲ್ಲ, ಲಾಕರಿನಲ್ಲಿಟ್ಟಿದ್ದಾರೆ, ಒಂದು ಕೀಲಿ ಬ್ಯಾಂಕಿನದು, ಇನ್ನೊಂದು ಗಿರಾಕಿಯದು, ಒಂದೇ ಕೀಲಿಯಿಂದ ತೆರೆಯಲು ಬಂದ ಸಂಸತ್ತನ್ನು ಹದಿಮೂರು ಅರ್ಥಧಾರಿಗಳು ಮಾತಿನಲ್ಲಿ ಕಟ್ಟಿಹಾಕಿದರು, ಭಾಗವತರು ಮಂಗಳ ಹಾಡಿದರು.

ವಕೀಲರು ಒಂಬತ್ತು ಕೊಟ್ಟಿದ್ದರು. ಇದು ಸ್ವಲ್ಪ ಜಾಸ್ತಿಯಾಯಿತೇನೋ ಎಂದು ನಾನು ಮೆಲ್ಲಗೆ ರಾಗ ತೆಗೆದೆ.

‘ಏನ್ ಮೇಷ್ಟ್ರೇ ನೀವು,’ ಎಂದರು, ಬ್ಯಾಂಡು ಕಟ್ಟಿಕೊಳ್ಳುತ್ತಾ, ‘ಇದಕ್ಕಿಂತ ವೀಕ್ ಆರ್ಗ್ಯುಮೆಂಟಿಗೆ ನಾನು ಫೀಸೇ ತಗೊಂಡಿದ್ದೀನಿ.’