ಉಗುರು ತಪಾಸಣೆ

ನಮ್ಮ ದೊಡ್ಡಪ್ಪ ಹೈಸ್ಕೂಲು ಹೆಡ್‌ಮಾಸ್ತರಾಗಿದ್ದಾಗ ಸೋಮವಾರದ ಪ್ರಾರ್ಥನೆ ಮುಗಿದೊಡನೆ ಉಗುರು ತಪಾಸಣೆ ನಡೆಸುತ್ತಿದ್ದರು. ಎರಡೂ ಕೈ ಮುಂದೆ, ಅಂಗೈ ಕೆಳಗೆ. ಕೊಳೆ ಕಂಡರೆ ಅಡಿಕೋಲಿನಿಂದ ಗೆಣ್ಣಿಗೊಂದು ಏಟು. ನಿವೃತ್ತರಾಗಿ ಇಪ್ಪತ್ತೈದು ವರ್ಷ ದಾಟಿದರೂ ತಪಾಸಣೆ ನಿಂತಿಲ್ಲ. ಚುನಾವಣೆಯ ದಿನ ಬೆಳಿಗ್ಗೆ ಎಂಟಕ್ಕೆ ಸರಸ್ವತಿಪುರಂ ಮನೆಯ ಗೇಟಿಗೆ ಕುರ್ಚಿ ಹಾಕಿಕೊಂಡು ಕೂತರೆಂದರೆ ಮುಗಿಯಿತು. ಹೂವಿನವಳಿರಲಿ, ಪೇಪರ್ ಹುಡುಗನಿರಲಿ, ಎದುರುಮನೆ ಸೊಸೆಯಿರಲಿ, ‘ಎಲ್ಲಿ, ಎಡಗೈ ತೋರ್ಸು’. ಲೆಕ್ಕ ಮಾತ್ರ ಈಗ ತಿರುಗುಮುರುಗು. ಉಗುರಿನ ಮೇಲೆ ಕಪ್ಪಿದ್ದವರು ಪಾಸು, ಶುಭ್ರವಾಗಿದ್ದವರು ಫೇಲು.

ಇಂಥವರೊಬ್ಬರು ನಿಮ್ಮ ಬೀದಿಯಲ್ಲೂ ಇದ್ದೇ ಇರುತ್ತಾರೆ. ಏಳು ಗಂಟೆಯ ಮತದಾರರು. ದೊಡ್ಡಪ್ಪನ ಪಾಲಿಗೆ ಅದೊಂದು ವ್ರತ. ಹಿಂದಿನ ರಾತ್ರಿಯೇ ಪಂಚೆಗೆ ಇಸ್ತ್ರಿಯಾಗಿ, ಓಟರ್ ಚೀಟಿ ಕನ್ನಡಕದ ಡಬ್ಬಿ ಸೇರಿರಬೇಕು. ಬೆಳಿಗ್ಗೆ ಸ್ನಾನ ಆಗಬೇಕು, ಕಾಫಿ ಆಗಬಾರದು. ಡಿಕಾಕ್ಷನ್ ಇಳಿಸಿಟ್ಟು ದೊಡ್ಡಮ್ಮ ಕಾಯುತ್ತಾರೆ. ಮತಗಟ್ಟೆ ತೆರೆಯುವುದು ಏಳಕ್ಕಾದರೆ ಇವರು ಆರೂಕಾಲಿಗೇ ಹಾಜರು, ಏಕೆಂದರೆ ಹಿಂದಿನ ರಸ್ತೆಯ ನಿವೃತ್ತ ಬ್ಯಾಂಕ್ ಮ್ಯಾನೇಜರು ಆರೂವರೆಗೆ ಬರುತ್ತಾರೆ. 2018ರಲ್ಲಿ ಆ ಮನುಷ್ಯ ಆರಕ್ಕೇ ಬಂದು, ತಮ್ಮ ಮಂಕಿಟೋಪಿಯನ್ನು ಬಾಗಿಲ ಮುಂದಿನ ಕಲ್ಲಿನ ಮೇಲಿಟ್ಟು, ವಾಕಿಂಗ್ ಒಂದು ಸುತ್ತು ಮುಗಿಸಿಬರಲು ಹೋದರು. ದೊಡ್ಡಪ್ಪ ಟೋಪಿಯನ್ನು ಪಕ್ಕಕ್ಕಿಟ್ಟು ತಾವು ನಿಂತರು. ಜಗಳವಾಯಿತು. ‘ಇವತ್ತು ಟೋಪಿ ಹಾಕೋ ಹಕ್ಕು ಅಭ್ಯರ್ಥಿಗಳಿಗೆ ಮಾತ್ರ ಕಣ್ರೀ, ನಮಗಿಲ್ಲ’ ಎಂದರು ದೊಡ್ಡಪ್ಪ. ಇವತ್ತಿಗೂ ಇಬ್ಬರ ನಡುವೆ ಮಾತಿಲ್ಲ.

ಒಳಗೆ ಹೋದರೂ ಬೇಗ ಬರುವವರಲ್ಲ. ವಿವಿಪ್ಯಾಟ್ ಕಿಟಕಿಯಲ್ಲಿ ಚೀಟಿ ಏಳು ಸೆಕೆಂಡು ಕಾಣುತ್ತದೆ ಎಂದು ನಿಯಮವಿದೆಯಲ್ಲ, ಅದನ್ನು ‘ಒಂದು, ಎರಡು’ ಎಂದು ಬಾಯಿಬಿಟ್ಟು ಎಣಿಸುತ್ತಾರೆ. ಐದಕ್ಕೇ ದೀಪ ಆರಿದರೆ ದೂರು ಬರೆಯಬೇಕೆಂಬ ಆಸೆ. ಇನ್ನೂ ಈಡೇರಿಲ್ಲ.

ಈ ಮಸಿಯ ಹುಚ್ಚಿಗೆ ಹಿನ್ನೆಲೆಯಿದೆ. ಮೇಷ್ಟರು ಎಂದಮೇಲೆ ಚುನಾವಣಾ ಡ್ಯೂಟಿ ತಪ್ಪದು. ಮೊದಮೊದಲು ಅವರಿಗೆ ಸಿಕ್ಕ ಕೆಲಸ ಮತದಾರರ ಬೆರಳಿಗೆ ಮಸಿ ಹಚ್ಚುವುದು. ಯಾವ್ಯಾವುದೋ ಊರಿನ ಶಾಲೆಯಲ್ಲಿ ಸೊಳ್ಳೆಗಳ ಜೊತೆ ರಾತ್ರಿ ಕಳೆದು, ಬೆಳಗಿನಿಂದ ಸಂಜೆಯವರೆಗೆ ನೂರಾರು ಬೆರಳಿಗೆ ಹಚ್ಚಿದ್ದೇ ಹಚ್ಚಿದ್ದು. ತಮ್ಮ ಓಟು ಮಾತ್ರ ಅಂಚೆಯಲ್ಲಿ ಹೋಗುತ್ತಿತ್ತು. ಅಂಚೆಯ ಓಟಿಗೆ ಮಸಿಯಿಲ್ಲ. ಮದುವೆ ಮನೆಯಲ್ಲಿ ಊರಿಗೆಲ್ಲ ಬಡಿಸಿ ಬರಿಹೊಟ್ಟೆಯಲ್ಲಿ ಮನೆಗೆ ಹೋಗುವ ಅಡಿಗೆ ಭಟ್ಟರ ಪಾಡು. ಮೊದಲ ಮಸಿ ಬಿದ್ದದ್ದು 1962ರಲ್ಲಿ, ಇಪ್ಪತ್ತೊಂದು ತುಂಬಿ ಹಾಕಿದ ಮೊದಲ ಓಟಿಗೆ. ಮೈಸೂರಿನ ಬಣ್ಣದ ಕಾರ್ಖಾನೆಯ ಮಸಿ ದೇಶದ ಸಾರ್ವತ್ರಿಕ ಚುನಾವಣೆಗೆ ಹೋದದ್ದೂ ಅದೇ ವರ್ಷ. ಮುಂದಿನ ಲೋಕಸಭೆಯ ಮಸಿ ಬಿದ್ದದ್ದು ನಿವೃತ್ತಿಯ ನಂತರ, 1999ರಲ್ಲಿ. ನಡುವಿನ ಮೂವತ್ತೇಳು ವರ್ಷದ ಬಾಕಿಯನ್ನು ಅವರೀಗ ಊರವರ ಬೆರಳು ನೋಡಿ ವಸೂಲು ಮಾಡುತ್ತಿದ್ದಾರೆ ಎಂದು ನನ್ನ ಗುಮಾನಿ.

ಅದರ ಮೇಲೆ ಊರಿನ ಅಭಿಮಾನ ಬೇರೆ. ‘1937ರಲ್ಲಿ ನಾಲ್ವಡಿಯವರು ಅರಗಿನ ಕಾರ್ಖಾನೆ ಅಂತ ಶುರು ಮಾಡಿದ್ದು ಕಣೋ. ಇವತ್ತು ಪ್ರಧಾನಮಂತ್ರಿಯಿಂದ ಹಿಡಿದು ಎಲ್ಲರೂ ಬನ್ನಿಮಂಟಪದ ಮಸಿಗೇ ಬೆರಳು ಚಾಚಬೇಕು.’ ಮೈಸೂರು ಪಾಕ್, ಮಲ್ಲಿಗೆ, ವೀಳ್ಯದೆಲೆ ಎಲ್ಲ ಅವರ ಪಟ್ಟಿಯಲ್ಲಿ ಮಸಿಯ ನಂತರ.

ನನ್ನನ್ನೂ ಅವರು ಬಿಟ್ಟಿಲ್ಲ. ಓಟಿನ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದದ್ದು 1989ರಲ್ಲಿ. ಆ ನವೆಂಬರಿನಲ್ಲಿ ನನಗೆ ಹದಿನೆಂಟು. ‘ನಾನು ಮೂರು ವರ್ಷ ಕಾದೆ, ಇವನಿಗೆ ಮೀಸೆ ಮೂಡೋಕ್ಮುಂಚೆ ಪುಕ್ಕಟೆ ಸಿಕ್ತು’ ಎಂದು ಗೊಣಗುತ್ತಲೇ ಮದುವೆ ಪತ್ರಿಕೆಯೊಂದನ್ನು ತಂದು ಮತಪತ್ರ ಮಡಿಸುವ ಪಾಠ ಮಾಡಿದರು. ಠಸ್ಸೆಯ ಮಸಿ ಹಸಿಯಿರುವಾಗ ಅಡ್ಡ ಮಡಿಸಿದರೆ ಗುರುತು ಪಕ್ಕದ ಚಿಹ್ನೆಗೂ ಅಂಟುತ್ತದೆ, ಆದ್ದರಿಂದ ಉದ್ದಕ್ಕೆ ಮಡಿಸು. ಲೋಕಸಭೆ, ವಿಧಾನಸಭೆ ಎರಡೂ ಒಟ್ಟಿಗೆ ಬಂದಿದ್ದರಿಂದ ಪತ್ರಿಕೆಗಳೂ ಎರಡು. ಯಾರಿಗೆ ಹಾಕಬೇಕೆಂದು ಒಂದು ಮಾತೂ ಹೇಳಲಿಲ್ಲ. ಅದು ಅವರ ಶಾಸ್ತ್ರದಲ್ಲಿಲ್ಲ. ಜೋಡೆತ್ತಿನಿಂದ ಹಿಡಿದು ಇವತ್ತಿನವರೆಗೆ ಅವರು ಯಾರಿಗೆ ಹಾಕಿದ್ದಾರೆಂಬುದು ಐವತ್ತೈದು ವರ್ಷ ಸಂಸಾರ ಮಾಡಿದ ದೊಡ್ಡಮ್ಮನಿಗೂ ತಿಳಿಯದು. ಒಮ್ಮೆ ಮೆಲ್ಲಗೆ ಕೇಳಿದ್ದಕ್ಕೆ ‘ನಿನ್ನ ಒಗ್ಗರಣೆ ಡಬ್ಬಿ ದುಡ್ಡೆಷ್ಟು ಅಂತ ನಾನು ಕೇಳಿದೀನಾ?’ ಎಂದರಂತೆ.

2023ರಲ್ಲಿ ಒಂದು ಅವಮಾನವಾಯಿತು. ಎಂಬತ್ತು ದಾಟಿದವರು ಮನೆಯಿಂದಲೇ ಓಟು ಹಾಕಬಹುದೆಂದು ಬಿಎಲ್‌ಓ ಮೇಡಮ್ಮು 12ಡಿ ಫಾರಂ ಹಿಡಿದು ಬಂದರು. ದೊಡ್ಡಪ್ಪ ಶಾಲಾ ದಾಖಲೆಯಂತೆ 1940ರವರು. ‘ಮನೆಬಾಗಿಲಿಗೆ ಬಂದು ಒಯ್ಯೋಕೆ ಇದೇನು ಹಳೇ ಪೇಪರಾ?’ ಎಂದು ಫಾರಮ್ಮಿನ ಹಿಂಬದಿಯಲ್ಲಿ ದೊಡ್ಡಮ್ಮನಿಗೆ ತರಕಾರಿ ಪಟ್ಟಿ ಬರೆದುಕೊಟ್ಟರು. ಮರುವರ್ಷ ಲೋಕಸಭೆಗೆ ಆ ವಯೋಮಿತಿ ಎಂಬತ್ತೈದಕ್ಕೇರಿತು. ಎರಡು ದಿನ ಬೀದಿಯಲ್ಲಿ ಎದೆ ಸೆಟೆಸಿ ಓಡಾಡಿದರು. ‘ಆಯೋಗಕ್ಕೆ ತಪ್ಪು ಗೊತ್ತಾಗಿದೆ. ನನ್ನನ್ನ ಮತ್ತೆ ಹುಡುಗರ ಗುಂಪಿಗೆ ಸೇರಿಸಿದಾರೆ.’

ನಿಜವಾದ ಹುಡುಗರ ಗುಂಪಿನವನು ಅವರ ಮೊಮ್ಮಗ. ಬೆಂಗಳೂರಿನ ಜಯನಗರದ ಪಿಜಿಯೊಂದರಲ್ಲಿದ್ದುಕೊಂಡು ಸಾಫ್ಟ್‌ವೇರ್ ಕೆಲಸ ಮಾಡುತ್ತಾನೆ. ಈಗಿನ ಹುಡುಗರಿಗೆ ರಾಜಕೀಯ ಬೇಡ ಎನ್ನುವವರು ಇವನ ಪಕ್ಕ ಹತ್ತು ನಿಮಿಷ ಕೂರಬೇಕು. ಹನ್ನೊಂದನೆಯ ನಿಮಿಷಕ್ಕೆ ಅವರಿಗೇ ರಾಜಕೀಯ ಬೇಡವಾಗುತ್ತದೆ. ಕ್ಷೇತ್ರ ಮರುವಿಂಗಡಣೆ, ಚುನಾವಣಾ ಬಾಂಡು, ರಾಜಕಾಲುವೆ ಒತ್ತುವರಿ, ಎಲ್ಲದಕ್ಕೂ ಅವನದೊಂದು ರೀಲ್ಸ್ ಇದೆ. 2023ರ ಮೇ ತಿಂಗಳಲ್ಲಿ ಅಭ್ಯರ್ಥಿಗಳ ಅಫಿಡವಿಟ್ಟುಗಳನ್ನೆಲ್ಲ ಇಳಿಸಿಕೊಂಡು, ಆಸ್ತಿ, ಸಾಲ, ಓದು, ಕೇಸು ಎಂದು ಕಾಲಂ ಹಾಕಿ ಎಕ್ಸೆಲ್ ಮಾಡಿದ. ತಂಗಿಗೆ ಗಂಡು ಹುಡುಕಿದರೂ ಇಷ್ಟು ವಿಚಾರಿಸುತ್ತಿರಲಿಲ್ಲ. ಆದರೆ ಅವನ ಹೆಸರಿದ್ದದ್ದು ಮೈಸೂರಿನ ಪಟ್ಟಿಯಲ್ಲಿ, ತಾತನೇ ಫಾರಂ 6 ತುಂಬಿಸಿದ್ದು. ಶನಿವಾರ ಭಾನುವಾರಕ್ಕೆ ಅಂಟಿದ ರಜೆಯಾದರೆ ಜನ ಪ್ರವಾಸ ಹೊರಡುತ್ತಾರೆಂದು ಆಯೋಗ ಬುಧವಾರ ಆರಿಸಿತ್ತು. ಒಂದೇ ದಿನದ ರಜೆಗೆ ಮೈಸೂರಿಗೆ ಹೋಗಿಬರುವುದು ಹೇಗೆ ಎಂದು ಇವನು ಪಿಜಿಯಲ್ಲೇ ಉಳಿದು, ಮತದಾನದ ಮಹತ್ವದ ಬಗ್ಗೆ ಎರಡು ಗಂಟೆ ಲೈವ್ ಬಂದ. ಯಾರಿಗೆ ಹಾಕಬೇಕು, ಏಕೆ ಹಾಕಬೇಕು ಎಂದು ಊರಿಗೆಲ್ಲ ಹೇಳಿದ, ಮತಯಂತ್ರವೊಂದಕ್ಕೆ ಹೇಳಲಿಲ್ಲ.

ಎಣಿಕೆಯ ದಿನ ಜಯನಗರದ ಫಲಿತಾಂಶ ರಾತ್ರಿಯವರೆಗೆ ಎಳೆದಾಡಿ, ಕೊನೆಗೆ ಅಂತರ ಹದಿನಾರು ಮತ ಎಂದಾಯಿತು. ಟಿವಿ ಮುಂದೆಯೇ ಕೂತಿದ್ದ ದೊಡ್ಡಪ್ಪ ಕೂಡಲೇ ಫೋನ್ ಹಚ್ಚಿದರು.

‘ನಿಮ್ಮ ಪಿಜಿಯಲ್ಲಿ ಎಷ್ಟು ಜನ ಇದೀರೋ?’

‘ಹದಿನೆಂಟು, ತಾತ.’

‘ಎಷ್ಟು ಜನ ಹಾಕಿದ್ರಿ?’

‘ಯಾರ ಹೆಸರೂ ಇಲ್ಲಿಲ್ಲ ತಾತ. ಎಲ್ಲರದೂ ಅವರವರ ಊರಲ್ಲಿ.’

‘ಒಂದು ಪಿಜಿ ಸಾಕಿತ್ತು’ ಎಂದು ಇಟ್ಟುಬಿಟ್ಟರು. ಮಾರನೆಯ ದಿನ ಮತ್ತೆ ಮಾಡಿ 2004ರ ಸಂತೇಮರಹಳ್ಳಿಯ ಕತೆ ಹೇಳಿದರು. ಒಂದೇ ಒಂದು ಮತದ ಸೋಲು, 40,751ಕ್ಕೆ 40,752. ಸೋತವರ ಕಾರಿನ ಡ್ರೈವರಿಗೇ ಓಟು ಹಾಕಲು ಬಿಡುವಾಗಲಿಲ್ಲವೆಂದು ಜನ ಆಡಿಕೊಳ್ಳುವ ಆ ಕತೆಯನ್ನು ನಮ್ಮ ಮನೆಯ ಪ್ರತಿ ನಾಮಕರಣದಲ್ಲೂ ಕೇಳಿದ್ದೇವೆ.

ಹಾಗೆಂದು ಮೊಮ್ಮಗ ಸುಮ್ಮನೆ ಕೇಳಿಸಿಕೊಳ್ಳುವವನಲ್ಲ. ದಸರೆಗೆ ಬಂದಾಗ ತಿರುಗಿಬಿದ್ದ. ‘ತಾತ, 1962ರಿಂದ ಹಾಕ್ತಿದೀರಿ. ಗೆದ್ದೋರನ್ನ ಒಂದು ಸಲ ಏನಾದ್ರೂ ಕೇಳಿದೀರಾ?’ ದೊಡ್ಡಪ್ಪ ತಬ್ಬಿಬ್ಬಾದರು. ‘ಕೇಳೋದೇನೋ? ಕೊಟ್ಟ ದಕ್ಷಿಣೆ ಲೆಕ್ಕ ಕೇಳ್ತಾರೇನೋ ಯಾರಾದ್ರೂ?’ ಮನೆಯೆದುರಿನ ಬೀದಿದೀಪ ನಾಲ್ಕು ತಿಂಗಳಿಂದ ಕೆಟ್ಟಿತ್ತು. ದೊಡ್ಡಪ್ಪ ಟಾರ್ಚು ಕೊಂಡಿದ್ದರು. ಹುಡುಗ ಕತ್ತಲ ಬೀದಿಯ ಫೋಟೋ ತೆಗೆದು, ಸಂಬಂಧಪಟ್ಟವರನ್ನೆಲ್ಲ ಟ್ಯಾಗ್ ಮಾಡಿ ಹಾಕಿದ. ಮೂರನೆಯ ದಿನ ಏಣಿ ಬಂತು. ದೀಪ ಹತ್ತಿದ ರಾತ್ರಿ ದೊಡ್ಡಪ್ಪ ಗೇಟಿನ ಬಳಿ ಬಹಳ ಹೊತ್ತು ನಿಂತಿದ್ದರು. ಊಟಕ್ಕೆ ಕೂತಾಗ ಆಡಿದ್ದು ಒಂದೇ ಮಾತು: ‘ಓಟೇ ಹಾಕದೋನ ಮಾತು ಕೇಳ್ತಾರಲ್ಲ, ಎಂಥಾ ಜನ!’

ಮೇಷ್ಟರಿಗೆ ಓಟೆಂದರೆ ಹಾಜರಿ. ಹೆಸರು ಕೂಗಿದಾಗ ‘ಎಸ್ ಸಾರ್’ ಅನ್ನಬೇಕು, ಪಾಠ ಹೇಗಿತ್ತೆಂಬುದು ಆಮೇಲಿನ ಮಾತು. ಅದಕ್ಕೇ 2013ರಲ್ಲಿ ಬಂದ ನೋಟಾ ಗುಂಡಿ ಕಂಡರೆ ಅವರಿಗೆ ಉರಿ; ಹಾಜರಿ ಹಾಕಿಸಿಕೊಂಡು ಮೇಷ್ಟರೇ ಸರಿಯಿಲ್ಲ ಎಂದು ಎದ್ದುಹೋದ ಹಾಗೆ. ಹುಡುಗನಿಗೋ ಓಟೆಂದರೆ ಸಾಲಪತ್ರಕ್ಕೆ ಹಾಕುವ ಜಾಮೀನು ಸಹಿ. ಪೂರ್ತಿ ಓದದೆ ಹಾಕುವುದಿಲ್ಲ, ಓದಿ ಮುಗಿಸುವಷ್ಟರಲ್ಲಿ ಸಂಜೆ ಆರಾಗಿರುತ್ತದೆ. ನಡುವಿನ ತಲೆಮಾರಿನ ನಾನು ಇಬ್ಬರನ್ನೂ ನೋಡಿ ನಗುತ್ತೇನೆ. ನನ್ನ ಶಾಸಕರ ಹೆಸರೇನೆಂದು ಮೊಮ್ಮಗ ಥಟ್ಟನೆ ಕೇಳಿದ ದಿನ ಮಾತ್ರ ನಗಲಿಲ್ಲ.

ಹದಿನಾರರ ಏಟು ಬಿದ್ದಿತ್ತೆಂದು ಕಾಣುತ್ತದೆ, ಹುಡುಗ ಫಾರಂ 8 ತುಂಬಿ ಹೆಸರನ್ನು ಜಯನಗರಕ್ಕೆ ವರ್ಗಾಯಿಸಿಕೊಂಡ. 2024ರ ಏಪ್ರಿಲ್ 26, ಶುಕ್ರವಾರ. ಬೆಳಿಗ್ಗೆ ಹತ್ತಕ್ಕೆ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಬೆರಳಿನ ಫೋಟೋ ಬಂತು. ದೊಡ್ಡಪ್ಪ ಅದನ್ನು ಹಿಗ್ಗಿಸಿ, ಓರೆ ಮಾಡಿ, ಕನ್ನಡಕ ಒರೆಸಿ ನೋಡಿದರು. ‘ಉಗುರಿನ ಮೇಲಿಂದ ಮೊದಲ ಗಂಟಿನವರೆಗೆ ಗೀಟು ಬರಬೇಕು. ಇದು ಚಿಕ್ಕದಾಯ್ತು. ಸ್ಕೆಚ್ ಪೆನ್ನೋ ಏನೋ, ಯಾರಿಗ್ಗೊತ್ತು?’

ಸಂಜೆಯ ಬಸ್ಸಿಗೆ ಅವನೇ ಬಂದ. ಬ್ಯಾಗು ಇಳಿಸಲೂ ಬಿಡದೆ ಗೇಟಿನಲ್ಲೇ ತಡೆದು, ‘ಎಡಗೈ’ ಎಂದರು. ಒಳಗಿನಿಂದ ಕೊಬ್ಬರಿ ಎಣ್ಣೆ, ಹತ್ತಿ ತರಿಸಿ ಉಜ್ಜಿದರು. ಹೋಗಲಿಲ್ಲ. ನಿಂಬೆಹೋಳು ತರಿಸಿದರು. ‘ತಾತ, ಉರೀತಿದೆ’ ಎಂದ ಹುಡುಗ. ಬೀದಿದೀಪದ ಬೆಳಕಿಗೆ ಆ ಬೆರಳು ಹಿಡಿದು, ಅದರ ಪಕ್ಕ ತಮ್ಮ ಬೆರಳಿಟ್ಟು, ಎರಡು ಗೀಟುಗಳ ಬಣ್ಣ ತಾಳೆ ನೋಡಿದರು.

‘ಹ್ಞೂಂ, ನಮ್ಮೂರಿನ ಮಾಲೇ. ಒಳಗೆ ಬಾ, ನಿಮ್ಮಜ್ಜಿ ಕಾಫಿ ಇಟ್ಟಿದಾಳೆ.’